ಕೈಲಾಸ ಮಾನಸ ಸರೋವರ ಯಾತ್ರೆ: ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಯಾತ್ರಾರ್ಥಿಗಳಿಗೆ ಪೂರ್ವಸಿದ್ಧತೆಯ ಮಾಹಿತಿ

ಟಿಬೆಟ್ ಪ್ರಸ್ಥಭೂಮಿಯಲ್ಲಿರುವ ಕೈಲಾಸ ಪರ್ವತ ಹಾಗೂ ಮಾನಸ ಸರೋವರದ ಯಾತ್ರೆಯನ್ನು ಭಾರತ ಸರ್ಕಾರದ ವಿದೇಶಾಂಗ ವ್ಯವಹಾರಗಳ ಸಚಿವಾಲಯವು 1981ರಿಂದ ಏರ್ಪಡಿಸುತ್ತಾ ಬಂದಿದೆ. 2020ರಿಂದ 2024ರವರೆಗೆ ಐದು ವರ್ಷ ಸ್ಥಗಿತಗೊಂಡಿದ್ದ ಈ ಯಾತ್ರೆಯು 2025ರ ಜೂನ್ ತಿಂಗಳಿನಲ್ಲಿ ಪುನರಾರಂಭವಾಯಿತು. ಯಾತ್ರೆಯನ್ನು ಪೂರೈಸಿದ ಕರ್ನಾಟಕದ ನಿವಾಸಿಗಳಿಗೆ ರಾಜ್ಯ ಸರ್ಕಾರವು ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಇಲಾಖೆಯ ಮೂಲಕ ರೂ. 30,000/- ಸಹಾಯಧನವನ್ನು ನೀಡುತ್ತಾ ಬಂದಿದೆ.

ಈ ಎರಡು ತಾಲ್ಲೂಕುಗಳಿಂದ ವಿಚಾರಣೆಗೆ ಬರುವ ಸಾರ್ವಜನಿಕರಲ್ಲಿ ಬಹುತೇಕರು ಸಹಾಯಧನದ ಅರ್ಜಿ ನಮೂನೆಯ ಬಗ್ಗೆ ಮಾತ್ರ ಕೇಳುತ್ತಾರೆ. ಆದರೆ ಸಹಾಯಧನದ ಅರ್ಜಿಯು ಯಾತ್ರೆಯ ಕಟ್ಟಕಡೆಯ ಕೆಲಸವಾಗಿರುತ್ತದೆ. ಅದಕ್ಕೂ ಮುಂಚೆ ಪಾಸ್‌ಪೋರ್ಟ್, ಆಯ್ಕೆ, ವೈದ್ಯಕೀಯ ತಪಾಸಣೆ ಹಾಗೂ 18,000 ಅಡಿಗಳಿಗೂ ಮೇಲ್ಪಟ್ಟ ಎತ್ತರದಲ್ಲಿ ನಡೆಯುವ ಶಕ್ತಿ ಇವೆಲ್ಲವೂ ಕೂಡಿ ಬರಬೇಕು. ಆದ್ದರಿಂದ ಮೊದಲು ಸಿದ್ಧತೆಯ ವಿವರಗಳನ್ನೂ ಕೊನೆಯಲ್ಲಿ ಸಹಾಯಧನದ ವಿವರಗಳನ್ನೂ ಇಲ್ಲಿ ನೀಡಲಾಗಿದೆ.

ಯಾತ್ರೆಯ ಸ್ವರೂಪ

ಯಾತ್ರೆಯು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ತಂಡಗಳಾಗಿ ನಡೆಯುತ್ತದೆ. ಉತ್ತರಾಖಂಡ ರಾಜ್ಯದ ಲಿಪುಲೇಖ್ ಕಣಿವೆಯ ಮೂಲಕ ಒಂದು ಮಾರ್ಗ, ಸಿಕ್ಕಿಂ ರಾಜ್ಯದ ನಾಥುಲಾ ಕಣಿವೆಯ ಮೂಲಕ ಮತ್ತೊಂದು ಮಾರ್ಗ. ನಾಥುಲಾ ಮಾರ್ಗವು 2015ರಲ್ಲಿ ತೆರೆಯಲ್ಪಟ್ಟಿತು. ಮೊದಲನೆಯದನ್ನು ಕುಮಾವೂ ಮಂಡಲ ವಿಕಾಸ ನಿಗಮವೂ ಎರಡನೆಯದನ್ನು ಸಿಕ್ಕಿಂ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವೂ ನಿರ್ವಹಿಸುತ್ತವೆ. ಪ್ರತಿ ತಂಡದೊಂದಿಗೆ ಸರ್ಕಾರವು ನೇಮಿಸಿದ ಸಂಪರ್ಕಾಧಿಕಾರಿ ಇರುತ್ತಾರೆ. ಒಬ್ಬೊಬ್ಬರೇ ಹೊರಡಲು, ಮಾರ್ಗ ಬದಲಿಸಲು ಅಥವಾ ತಂಡವನ್ನು ಬಿಟ್ಟು ಮುಂದೆ ಸಾಗಲು ಅವಕಾಶವಿರುವುದಿಲ್ಲ.

2025ರಲ್ಲಿ ಲಿಪುಲೇಖ್ ಮಾರ್ಗಕ್ಕೆ ತಲಾ 50 ಯಾತ್ರಿಗಳ 5 ತಂಡಗಳನ್ನೂ ನಾಥುಲಾ ಮಾರ್ಗಕ್ಕೆ ತಲಾ 50 ಯಾತ್ರಿಗಳ 10 ತಂಡಗಳನ್ನೂ ನಿಗದಿಪಡಿಸಲಾಗಿತ್ತು. ಒಟ್ಟು 750 ಸ್ಥಾನಗಳಿಗೆ 5,561 ಅರ್ಜಿಗಳು ಬಂದಿದ್ದವು. ಆಯ್ಕೆಯು ಗಣಕೀಕೃತ ಲಾಟರಿಯ ಮೂಲಕ ನಡೆಯುತ್ತದೆ. ಇದರಲ್ಲಿ ಶಿಫಾರಸು ಪತ್ರಕ್ಕೆ ಯಾವುದೇ ಸ್ಥಾನವಿಲ್ಲ. ಶಿಫಾರಸು ಪತ್ರ ಕೋರಿ ಕಚೇರಿಗಳಿಗೆ ಅಲೆಯುವ ಬದಲು ಆ ಸಮಯವನ್ನು ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳಲು ಬಳಸುವುದು ಉಪಯುಕ್ತ.

ಪಾಸ್‌ಪೋರ್ಟ್ ಮತ್ತು ಹೆಸರಿನ ವ್ಯತ್ಯಾಸ

ಅರ್ಜಿದಾರರು ಭಾರತೀಯ ಪ್ರಜೆಯಾಗಿರತಕ್ಕದ್ದು. ಯಾತ್ರೆಯ ವರ್ಷದ ಜನವರಿ 1ಕ್ಕೆ ವಯಸ್ಸು 18ಕ್ಕಿಂತ ಕಡಿಮೆ ಇಲ್ಲದೆ 70ನ್ನು ಮೀರದೆ ಇರತಕ್ಕದ್ದು. ಪಾಸ್‌ಪೋರ್ಟ್ ಅದೇ ವರ್ಷದ ಸೆಪ್ಟೆಂಬರ್ 1ರಿಂದ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರತಕ್ಕದ್ದು.

ನಮ್ಮ ಭಾಗದಲ್ಲಿ ತೊಡಕು ಉಂಟಾಗುವುದು ಹೆಸರಿನಲ್ಲಿ. ಪಡಿತರ ಚೀಟಿಯಲ್ಲಿ ಒಂದು, ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಮತ್ತೊಂದು ರೀತಿಯಲ್ಲಿ ಹೆಸರು ಇರುವುದು ಸಾಮಾನ್ಯ. ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಇವುಗಳ ಮೊದಲ ಅಕ್ಷರಗಳನ್ನು ಇನಿಷಿಯಲ್ ಆಗಿ ಬರೆಯುವುದು ನಮ್ಮ ರೂಢಿ. ಪಾಸ್‌ಪೋರ್ಟ್‌ನಲ್ಲಿ ಅವುಗಳನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕಾಗುತ್ತದೆ. ಹಾಗೆ ಬಿಡಿಸಿ ಬರೆದ ಹೆಸರು ಬ್ಯಾಂಕ್ ಖಾತೆಯ ಹೆಸರಿಗೆ ಹೊಂದದೆ ಇದ್ದಲ್ಲಿ, ಯಾತ್ರೆ ಮುಗಿಸಿ ಬಂದ ನಂತರ ಸಹಾಯಧನ ಜಮೆಯಾಗುವ ಹಂತದಲ್ಲಿ ತೊಂದರೆ ಉಂಟಾಗುತ್ತದೆ. ಹಿರಿಯರ ಜನ್ಮ ದಿನಾಂಕವೂ ಅಷ್ಟೇ. ಶಾಲೆಗೆ ಸೇರಿಸುವಾಗ ಅಂದಾಜಿನಿಂದ ಬರೆಸಿದ ದಿನಾಂಕವು ಒಂದು ದಾಖಲೆಯಲ್ಲಿಯೂ, ಕೇವಲ ವರ್ಷವು ಇನ್ನೊಂದರಲ್ಲಿಯೂ ಇರುತ್ತದೆ. ಮೊದಲು ಆಧಾರ್, ನಂತರ ಬ್ಯಾಂಕ್ ಖಾತೆ, ಆಮೇಲೆ ಪಾಸ್‌ಪೋರ್ಟ್ ಎಂಬ ಕ್ರಮದಲ್ಲಿ ಸರಿಪಡಿಸಿಕೊಂಡಲ್ಲಿ ಎರಡೆರಡು ಬಾರಿ ಶುಲ್ಕ ಕಟ್ಟುವುದು ತಪ್ಪುತ್ತದೆ. ಪೊಲೀಸ್ ಪರಿಶೀಲನೆಗೂ ಕಾಲಾವಕಾಶ ಬೇಕಾಗುವುದರಿಂದ ಹಿಂದಿನ ವರ್ಷದ ಶೇಂಗಾ ಕಟಾವಿನ ವೇಳೆಗೆ ಈ ಕೆಲಸ ಆರಂಭಿಸುವುದು ಸೂಕ್ತ.

ಯಾತ್ರೆಯ ಅರ್ಜಿಯನ್ನು ವಿದೇಶಾಂಗ ಸಚಿವಾಲಯದ ಯಾತ್ರಾ ಜಾಲತಾಣದಲ್ಲಿ ಮಾತ್ರ ಸಲ್ಲಿಸತಕ್ಕದ್ದು. ತಾಲ್ಲೂಕು ಕಚೇರಿಯಲ್ಲಾಗಲೀ ನಾಡಕಚೇರಿಯಲ್ಲಾಗಲೀ ಇದನ್ನು ಸ್ವೀಕರಿಸುವುದಿಲ್ಲ. ದಂಪತಿಗಳು ಅಥವಾ ಇಬ್ಬರು ಒಡನಾಡಿಗಳು ಜೊತೆಯಾಗಿ ಹೋಗಬಯಸಿದಲ್ಲಿ ಅರ್ಜಿಯನ್ನೂ ಜೊತೆಯಾಗಿಯೇ ಸಲ್ಲಿಸುವುದು.

ರಸ್ತೆಯಾಗಿದೆ, ಎತ್ತರ ಕಡಿಮೆಯಾಗಿಲ್ಲ

ಈಗ ಎಲ್ಲ ಕಡೆ ವಾಹನ ಹೋಗುತ್ತದೆ, ಮೊದಲಿನಷ್ಟು ಕಷ್ಟವಿಲ್ಲ ಎಂಬ ಮಾತು ಈಚೆಗೆ ಪ್ರಚಾರದಲ್ಲಿದೆ. ಇದರಲ್ಲಿ ಅರ್ಧ ಮಾತ್ರ ನಿಜ. ಧಾರ್ಚುಲಾದಿಂದ ಲಿಪುಲೇಖ್ ಕಡೆಗಿನ ಗಡಿ ರಸ್ತೆಯು 2020ರ ಮೇ ತಿಂಗಳಿನಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ ಯಾತ್ರಿಗಳು ಕಾಳಿ ನದಿಯ ಕಣಿವೆಯಲ್ಲಿ ಹಲವು ದಿನ ನಡೆದೇ ಗುಂಜಿಯನ್ನು ತಲುಪುತ್ತಿದ್ದರು. ಆ ನಡಿಗೆ ಶ್ರಮದಾಯಕವಾಗಿದ್ದರೂ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎತ್ತರಕ್ಕೆ ಏರುತ್ತಿದ್ದುದರಿಂದ ದೇಹವು ವಿರಳ ಗಾಳಿಗೆ ತಾನಾಗಿಯೇ ಹೊಂದಿಕೊಳ್ಳುತ್ತಿತ್ತು. ಈಗ ವಾಹನವು ಕೆಲವೇ ಗಂಟೆಗಳಲ್ಲಿ 10,000 ಅಡಿಗೂ ಮೇಲಿರುವ ಗುಂಜಿಗೆ ಕರೆದೊಯ್ಯುತ್ತದೆ. ಕಾಲಿಗೆ ಶ್ರಮ ಉಳಿಯಿತು. ಶ್ವಾಸಕೋಶಕ್ಕೆ ದೊರೆಯುತ್ತಿದ್ದ ಕಾಲಾವಕಾಶವೂ ಕಡಿಮೆಯಾಯಿತು. ಆದ್ದರಿಂದಲೇ ಯಾತ್ರಾ ಕಾರ್ಯಕ್ರಮದಲ್ಲಿ ಕೆಲವು ತಾಣಗಳಲ್ಲಿ ಕಡ್ಡಾಯ ವಿಶ್ರಾಂತಿ ದಿನಗಳಿವೆ. ಅವುಗಳನ್ನು ವ್ಯರ್ಥ ದಿನಗಳೆಂದು ಭಾವಿಸಬಾರದು.

ಚಳ್ಳಕೆರೆ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 1,900 ಅಡಿ ಎತ್ತರದಲ್ಲಿದೆ. ಮಾನಸ ಸರೋವರವು ಸುಮಾರು 15,000 ಅಡಿ, ಲಿಪುಲೇಖ್ ಸುಮಾರು 17,000 ಅಡಿ, ಕೈಲಾಸ ಪರಿಕ್ರಮದ ಅತಿ ಎತ್ತರದ ಸ್ಥಳವಾದ ಡೋಲ್ಮಾ ಕಣಿವೆಯು ಸುಮಾರು 18,500 ಅಡಿ ಎತ್ತರದಲ್ಲಿವೆ. ಡೋಲ್ಮಾದಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಅರ್ಧದಷ್ಟು. ಪರಿಕ್ರಮವು ಮೂರು ದಿನಗಳದ್ದು. ಎಲ್ಲಿಂದ ನಡಿಗೆ ಆರಂಭಿಸುತ್ತೇವೆ ಎಂಬುದರ ಮೇಲೆ 40ರಿಂದ 50 ಕಿ.ಮೀ. ಆಗುತ್ತದೆ. ಈ ಭಾಗದಲ್ಲಿ ವಾಹನವಿಲ್ಲ. ಎರಡನೆಯ ದಿನ ಡೋಲ್ಮಾ ಕಣಿವೆಯನ್ನು ಹತ್ತಿ ಇಳಿಯಬೇಕಾಗಿದ್ದು, ಬೆಳಗಿನ ಜಾವ ಕತ್ತಲೆಯಲ್ಲಿಯೇ ಹೊರಡುವುದು ವಾಡಿಕೆ. ಕುದುರೆ ಹಾಗೂ ಕೂಲಿಯಾಳು ಬಾಡಿಗೆಗೆ ದೊರೆಯುತ್ತಾರೆ. ಆದರೆ ಕಡಿದಾದ ಇಳಿಜಾರುಗಳಲ್ಲಿ ಕುದುರೆಯಿಂದ ಇಳಿದು ನಡೆಯಲೇಬೇಕಾಗುತ್ತದೆ.

ದೇಹದ ಸಿದ್ಧತೆ

ಆಯ್ಕೆಯಾದವರು ದೆಹಲಿಯಲ್ಲಿ ಕೆಲವು ದಿನ ತಂಗಿ ದೆಹಲಿ ಹಾರ್ಟ್ ಅಂಡ್ ಲಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ತಪಾಸಣೆಗೆ ಒಳಪಡಬೇಕು. ವರದಿಗಳನ್ನು ಭಾರತ-ಟಿಬೆಟ್ ಗಡಿ ಪೊಲೀಸ್ ಪಡೆಯ ವೈದ್ಯರು ಪರಿಶೀಲಿಸಿ ಅರ್ಹತೆಯನ್ನು ನಿರ್ಣಯಿಸುತ್ತಾರೆ. ಲಿಪುಲೇಖ್ ಮಾರ್ಗದಲ್ಲಿ ಗುಂಜಿಯಲ್ಲಿಯೂ ನಾಥುಲಾ ಮಾರ್ಗದಲ್ಲಿ ಶೇರಥಾಂಗ್‌ನಲ್ಲಿಯೂ ಎರಡನೆಯ ತಪಾಸಣೆ ಇರುತ್ತದೆ. ದೆಹಲಿಯಲ್ಲಿ ಅರ್ಹರೆನಿಸಿದವರೂ ಇಲ್ಲಿ ರಕ್ತದೊತ್ತಡ ಏರಿದ ಕಾರಣದಿಂದ ಹಿಂತಿರುಗಬೇಕಾಗಬಹುದು. ಹಾಗೆ ಹಿಂತಿರುಗಿದಲ್ಲಿ ಪಾವತಿಸಿದ ಶುಲ್ಕ ಮರಳಿ ಬರುವುದೆಂಬ ಭರವಸೆ ಇಟ್ಟುಕೊಳ್ಳಬಾರದು.

ದೇಹದ ತೂಕ ಮತ್ತು ಎತ್ತರದ ಅನುಪಾತ ಸೂಚ್ಯಂಕವು 25ನ್ನು ಮೀರಬಾರದು ಎಂಬುದು ನಿಯಮ. ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. 1.60 ಮೀಟರ್ ಎತ್ತರದವರು 64 ಕೆ.ಜಿ., 1.65 ಮೀಟರ್ ಎತ್ತರದವರು 68 ಕೆ.ಜಿ., 1.70 ಮೀಟರ್ ಎತ್ತರದವರು 72 ಕೆ.ಜಿ. ಒಳಗಿರಬೇಕು. ಹತ್ತು ಕೆ.ಜಿ. ಹೆಚ್ಚಿರುವವರು ಆಯ್ಕೆಯ ಪತ್ರ ಬಂದ ಮೇಲೆ ಉಪವಾಸದಿಂದ ಇಳಿಸುತ್ತೇವೆಂದು ಹೊರಟಲ್ಲಿ ಶಕ್ತಿಯೂ ಜೊತೆಗೇ ಇಳಿಯುತ್ತದೆ. ಆದುದರಿಂದ ಡಿಸೆಂಬರ್‌ನಲ್ಲಿಯೇ ಆರಂಭಿಸುವುದು.

ನಡಿಗೆಯ ಅಭ್ಯಾಸಕ್ಕೆ ನಮ್ಮ ತಾಲ್ಲೂಕುಗಳಲ್ಲಿ ಒಂದು ಅನಾನುಕೂಲವಿದೆ. ಅಭ್ಯಾಸ ಮಾಡಬೇಕಾದ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿಯ ಸಮೀಪಕ್ಕೆ ಬರುತ್ತದೆ. ಬೆಳಗಿನ 5 ಗಂಟೆಗೆ ಹೊರಟು 7.30ರೊಳಗೆ ಮುಗಿಸುವುದು ಕ್ಷೇಮ. ಮೊದಲ ತಿಂಗಳು ಸಮತಟ್ಟಾದ ದಾರಿಯಲ್ಲಿ ದಿನಕ್ಕೆ 4ರಿಂದ 5 ಕಿ.ಮೀ. ಸಾಕು. ನಂತರ ಬೆನ್ನಿಗೆ ಐದು ಕೆ.ಜಿ. ಭಾರ ಹೊತ್ತು 10 ಕಿ.ಮೀ. ತನಕ ಹೆಚ್ಚಿಸುವುದು. ಹೊಲದಲ್ಲಿ ದಿನವೆಲ್ಲಾ ದುಡಿಯುವ ನಮಗೆ ಅಭ್ಯಾಸ ಏಕೆ ಎಂದು ಕೇಳುವ ರೈತ ಬಾಂಧವರಿದ್ದಾರೆ. ಬಾಗಿ ದುಡಿಯುವ ಶಕ್ತಿ ಬೇರೆ, ಏರುದಾರಿಯಲ್ಲಿ ನಾಲ್ಕು ಗಂಟೆ ಒಂದೇ ಸಮನೆ ಉಸಿರು ಹಿಡಿದು ನಡೆಯುವ ಶಕ್ತಿ ಬೇರೆ.

ಏರುದಾರಿಗೆ ದೂರ ಹೋಗಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟಕ್ಕೆ ಮೆಟ್ಟಿಲುಗಳಿವೆ. ಬ್ರಹ್ಮಗಿರಿ, ಸಿದ್ದಾಪುರಗಳ ಸಮೀಪದ ಈ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಈ ಪ್ರದೇಶದ ಅಶೋಕ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ವಾರಕ್ಕೆ ಎರಡು ಬಾರಿ ಈ ಬೆಟ್ಟವನ್ನು ನಿಧಾನವಾಗಿ, ಮಧ್ಯೆ ಕೂರದೆ ಹತ್ತಿ ಇಳಿಯುವುದು ಉತ್ತಮ ಅಭ್ಯಾಸ. ಮೊಳಕಾಲ್ಮೂರು ಪಟ್ಟಣದವರಿಗೆ ನುಂಕೆಮಲೆ ಬೆಟ್ಟವೂ, ಚಳ್ಳಕೆರೆಯವರಿಗೆ ಚಿತ್ರದುರ್ಗದ ಕೋಟೆಯೂ ಹತ್ತಿರ. ಇಳಿಯುವಾಗ ಮೊಣಕಾಲು ನೋಯುವುದಾದರೆ ಈಗಲೇ ತಿಳಿಯುವುದು ಒಳ್ಳೆಯದು. ಒಂದು ಎಚ್ಚರಿಕೆ: ಈ ಬೆಟ್ಟಗಳು ಕಾಲನ್ನೂ ಹೃದಯವನ್ನೂ ಗಟ್ಟಿ ಮಾಡುತ್ತವೆ, ವಿರಳ ಗಾಳಿಗೆ ದೇಹವನ್ನು ಒಗ್ಗಿಸುವುದಿಲ್ಲ. ಜಟಿಂಗ ರಾಮೇಶ್ವರದ ಶಿಖರವೂ ಸಮುದ್ರಮಟ್ಟದಿಂದ 3,400 ಅಡಿಗಳಿಗೆ ಸ್ವಲ್ಪ ಮೇಲಷ್ಟೇ. ಯುವಕರು, ವ್ಯಾಯಾಮಪಟುಗಳು ಸಹ ಎತ್ತರದ ಕಾಯಿಲೆಗೆ ತುತ್ತಾಗುತ್ತಾರೆ.

ಕಾಯಿಲೆಯನ್ನು ಮುಚ್ಚಿಡಬಾರದು

ಈ ಅಂಶವನ್ನು ವಿಶೇಷವಾಗಿ ಗಮನಿಸಲು ಕೋರಲಾಗಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾ, ಹೃದಯದ ತೊಂದರೆ, ಮೂರ್ಛೆ ರೋಗ ಇರುವವರು ಹೇಳಿದರೆ ಹೆಸರು ತೆಗೆಯುತ್ತಾರೆಂದು ಮರೆಮಾಚುವುದುಂಟು. ತಪಾಸಣೆಯ ಬೆಳಿಗ್ಗೆ ಮಾತ್ರ ಎರಡು ಮಾತ್ರೆ ನುಂಗಿ ಹೋಗುವವರೂ ಇದ್ದಾರೆ. ಆ ಮಾತ್ರೆಯ ಪ್ರಭಾವ ಒಂದು ದಿನದ್ದು. ಯಾತ್ರೆ ಮೂರು ವಾರದ್ದು. ಟಿಬೆಟ್ ಭಾಗದಲ್ಲಿ ಆಸ್ಪತ್ರೆಗಳು ದೂರವಿದ್ದು ಸೌಲಭ್ಯ ವಿರಳ. ಅರ್ಜಿ ಸಲ್ಲಿಸುವ ಮುನ್ನವೇ ಸಾರ್ವಜನಿಕ ಆಸ್ಪತ್ರೆಯಲ್ಲಿ ರಕ್ತ, ಸಕ್ಕರೆ, ರಕ್ತದೊತ್ತಡ, ಇಸಿಜಿ ಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಸೂಚಿಸಿದಲ್ಲಿ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸುವುದು. ಅನರ್ಹತೆಯು ಚಿತ್ರದುರ್ಗದಲ್ಲಿ ತಿಳಿದರೆ ಖರ್ಚು ಕೆಲವು ಸಾವಿರ. ಗುಂಜಿಯಲ್ಲಿ ತಿಳಿದರೆ ಲಕ್ಷ. ಡೋಲ್ಮಾದಲ್ಲಿ ತಿಳಿದರೆ ಲೆಕ್ಕಕ್ಕೆ ಸಿಗುವುದಿಲ್ಲ.

ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳು ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು. ಇವು ಕಂಡಲ್ಲಿ ಆ ದಿನ ಮೇಲಕ್ಕೆ ಏರದೆ ವಿಶ್ರಾಂತಿ ಪಡೆಯಬೇಕು. ಕುಳಿತಿರುವಾಗಲೂ ಏದುಸಿರು, ಗೊರಗೊರ ಎನ್ನುವ ಕೆಮ್ಮು, ನೊರೆ ಅಥವಾ ರಕ್ತ ಮಿಶ್ರಿತ ಕಫ, ತೂರಾಡುವ ನಡಿಗೆ, ಅಸಂಬದ್ಧ ಮಾತು ಇವು ಶ್ವಾಸಕೋಶ ಅಥವಾ ಮಿದುಳಿನಲ್ಲಿ ನೀರು ತುಂಬುತ್ತಿರುವ ಸೂಚನೆಗಳು. ಇದಕ್ಕೆ ತಕ್ಷಣ ಕೆಳಕ್ಕೆ ಇಳಿಸುವುದೇ ಮುಖ್ಯ ಚಿಕಿತ್ಸೆ. ಆಮ್ಲಜನಕ ಹಾಗೂ ಔಷಧ ಅದರ ಜೊತೆಗಿನವು. ತಲೆನೋವನ್ನು ಹೇಳಿಕೊಂಡರೆ ಹಿಂದಕ್ಕೆ ಕಳುಹಿಸುತ್ತಾರೆ ಎಂಬ ಭಯದಿಂದ ಮೌನವಾಗಿರುವವರು ತಮ್ಮ ಜೀವವನ್ನೇ ಅಪಾಯಕ್ಕೆ ಒಡ್ಡುತ್ತಾರೆ. ಪಕ್ಕದಲ್ಲಿ ನಡೆಯುವವರೂ ಇದನ್ನು ಗಮನಿಸಿ ಸಂಪರ್ಕಾಧಿಕಾರಿಯವರಿಗೆ ತಿಳಿಸತಕ್ಕದ್ದು. ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಮುಂಜಾಗ್ರತೆಗಾಗಿ ಕೊಡುವುದುಂಟು. ಸಲ್ಫಾ ಔಷಧಗಳು ಒಗ್ಗದವರಿಗೆ ಇದರಿಂದ ತೊಂದರೆಯಾಗಬಹುದಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ಕೊಂಡು ನುಂಗಬಾರದು. ಮದ್ಯ, ಬೀಡಿ, ನಿದ್ರೆ ಮಾತ್ರೆ ಸಂಪೂರ್ಣ ವರ್ಜ್ಯ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವೈದ್ಯರು ಅನುಮತಿ ನೀಡಿದಲ್ಲಿ, ಔಷಧ ಹೆಪ್ಪುಗಟ್ಟದಂತೆ ಅದನ್ನು ಚೀಲದಲ್ಲಿಡದೆ ಮೈಗೆ ತಾಗುವ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು.

ಮನೆಯಲ್ಲಿ ಓದಬೇಕಾದ ಕಾಗದಗಳು

ದೆಹಲಿಯಲ್ಲಿ ಯಾತ್ರಿಯು ಕೆಲವು ಬರಹಗಳನ್ನು ಸಲ್ಲಿಸಬೇಕಾಗುತ್ತದೆ. ಒಂದು, ಯಾತ್ರೆಯ ಅಪಾಯಗಳಿಗೆ ತಾನೇ ಹೊಣೆ ಎಂಬ ನಷ್ಟಭರ್ತಿ ಮುಚ್ಚಳಿಕೆ. ಇನ್ನೊಂದು, ತುರ್ತು ಸಂದರ್ಭದಲ್ಲಿ ಹೆಲಿಕಾಪ್ಟರ್‌ನಿಂದ ಸಾಗಿಸಿದಲ್ಲಿ ಅದರ ವೆಚ್ಚ ಭರಿಸುವ ಪ್ರಮಾಣ ಪತ್ರ. ಮತ್ತೊಂದು, ಚೀನಾ ಭೂಭಾಗದಲ್ಲಿ ಮರಣ ಸಂಭವಿಸಿದಲ್ಲಿ ಪಾರ್ಥಿವ ಶರೀರವನ್ನು ಅಲ್ಲಿಯೇ ದಹನ ಮಾಡಲು ಒಪ್ಪಿಗೆ ಪತ್ರ.

ಈ ಕೊನೆಯ ಕಾಗದವನ್ನು ಹಲವರು ಓದದೆ ಸಹಿ ಮಾಡುತ್ತಾರೆ. ಮನೆಯವರಿಗಂತೂ ಅದರ ವಿಷಯವೇ ತಿಳಿದಿರುವುದಿಲ್ಲ. ಶವವನ್ನು ಊರಿಗೆ ತಂದು ಹೊಲದಲ್ಲಿ ಸಮಾಧಿ ಮಾಡುವ ಪದ್ಧತಿ ಇರುವ ಮನೆತನಗಳು ನಮ್ಮ ಭಾಗದಲ್ಲಿ ಬಹಳ. ಅಂತಹವರಿಗೆ ಇದು ಸಣ್ಣ ವಿಷಯವಲ್ಲ. ಆದ್ದರಿಂದ ನಮೂನೆಗಳನ್ನು ಜಾಲತಾಣದಿಂದ ಮುದ್ರಿಸಿಕೊಂಡು, ಪತ್ನಿ ಅಥವಾ ಪತಿ ಹಾಗೂ ವಯಸ್ಕ ಮಕ್ಕಳ ಎದುರಿನಲ್ಲಿ ಕನ್ನಡದಲ್ಲಿ ಅರ್ಥ ಹೇಳಿಸಿ ಓದುವುದು. ಅದನ್ನು ಕೇಳಿದ ಮೇಲೂ ಮನೆಯವರು ಒಪ್ಪಿದಲ್ಲಿ ಮುಂದುವರಿಯುವುದು. ಒಪ್ಪದೆ ಇದ್ದಲ್ಲಿ ಹಣ ಪಾವತಿಸುವ ಮುನ್ನವೇ ಇತ್ಯರ್ಥವಾದಂತಾಯಿತು. ಬ್ಯಾಂಕ್ ಖಾತೆ, ವಿಮೆಗಳಿಗೆ ನಾಮನಿರ್ದೇಶನ ಮಾಡಿರುವುದನ್ನೂ ಇದೇ ಸಂದರ್ಭದಲ್ಲಿ ಪರಿಶೀಲಿಸಬಹುದು.

1998ರ ಆಗಸ್ಟ್ 18ರ ನಸುಕಿನಲ್ಲಿ ಲಿಪುಲೇಖ್ ಮಾರ್ಗದ ಮಾಲ್ಪಾ ಎಂಬಲ್ಲಿ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನರು ಮೃತಪಟ್ಟರು. ಅವರಲ್ಲಿ 60 ಮಂದಿ ಕೈಲಾಸ ಯಾತ್ರಿಗಳು. ಬೆಂಗಳೂರಿನ ಹೆಸರಘಟ್ಟದಲ್ಲಿ ನೃತ್ಯಗ್ರಾಮವನ್ನು ಸ್ಥಾಪಿಸಿದ ನೃತ್ಯ ಕಲಾವಿದೆ ಪ್ರೊತಿಮಾ ಬೇಡಿ ಅವರೂ ಅಲ್ಲಿಯೇ ನಿಧನರಾದರು. ಹೆದರಿಸುವ ಉದ್ದೇಶದಿಂದ ಇದನ್ನು ಹೇಳುತ್ತಿಲ್ಲ. ಮಳೆಗಾಲದ ಹಿಮಾಲಯದಲ್ಲಿ ತಂಡವನ್ನು ಒಂದೆರಡು ದಿನ ತಡೆಹಿಡಿದಾಗ ಅಧಿಕಾರಿಗಳೊಂದಿಗೆ ವಾದಿಸಬಾರದೆಂಬುದನ್ನು ತಿಳಿಸಲು.

ಉಡುಪು ಮತ್ತು ಸಾಮಾನು

ಚಳ್ಳಕೆರೆಯ ಕಂಬಳಿಗೆ ಹೆಸರಿದೆ. ಅದನ್ನು ಹೊದ್ದು ಚಳಿ ಕಳೆದವರಿಗೆ ಬೇರೆ ಬಟ್ಟೆಯ ಮೇಲೆ ನಂಬಿಕೆ ಬರುವುದು ಕಷ್ಟ. ಉಣ್ಣೆ ಒದ್ದೆಯಾದರೂ ಶಾಖವನ್ನು ಪೂರ್ಣ ಬಿಡುವುದಿಲ್ಲ ಎಂಬುದು ನಿಜ. ಆದರೆ ನೆನೆದ ಕಂಬಳಿಯ ಭಾರ ಹೊತ್ತು ಡೋಲ್ಮಾ ಹತ್ತಲಾಗುವುದಿಲ್ಲ. ಮೈಗೆ ಅಂಟುವ ಥರ್ಮಲ್ ಉಡುಪು, ಅದರ ಮೇಲೆ ಉಣ್ಣೆಯ ಸ್ವೆಟರ್, ಹೊರಗೆ ಗಾಳಿ ಮತ್ತು ಮಳೆ ತಡೆಯುವ ಜಾಕೆಟ್, ಹೀಗೆ ಪದರಗಳಾಗಿ ಧರಿಸುವುದು ಉತ್ತಮ. ನಡೆಯುವಾಗ ಬೆವರಿದರೆ ಒಂದು ಪದರ ತೆಗೆಯಬಹುದು. ಹತ್ತಿ ಬನಿಯನ್ ಬೆವರನ್ನು ಹಿಡಿದಿಟ್ಟು ನಿಂತಾಗ ಚಳಿ ಹಿಡಿಸುತ್ತದೆ. ಕೈಗವಸು, ಕಿವಿ ಮುಚ್ಚುವ ಟೋಪಿ, ತಂಪು ಕನ್ನಡಕ, ಟಾರ್ಚ್, ಊರುಗೋಲು ಇವು ಅಗತ್ಯ.

ಪಾದರಕ್ಷೆಯ ವಿಷಯದಲ್ಲಿ ಮಿತವ್ಯಯ ಬೇಡ. ಪಾದದ ಗಂಟನ್ನು ಮುಚ್ಚುವ ಶೂಗಳನ್ನು ಕನಿಷ್ಠ ಎರಡು ತಿಂಗಳು ಮುಂಚೆ ಕೊಂಡು, ಮೇಲೆ ಹೇಳಿದ ಬೆಟ್ಟಗಳಲ್ಲಿ ಅವುಗಳನ್ನೇ ಧರಿಸಿ ನಡೆಯುವುದು. ವರ್ಷವೆಲ್ಲಾ ಚಪ್ಪಲಿಯಲ್ಲಿರುವ ಪಾದಕ್ಕೆ ಹೊಸ ಶೂ ಮೊದಲ ದಿನವೇ ಬೊಬ್ಬೆ ಎಬ್ಬಿಸುತ್ತದೆ. ಶಿಬಿರಗಳಲ್ಲಿ ಸಸ್ಯಾಹಾರ ದೊರೆಯುತ್ತದೆ. ಆದರೂ ಎತ್ತರದಲ್ಲಿ ಅನ್ನ ಸೇರದಿದ್ದಾಗ ಶೇಂಗಾ ಉಂಡೆ, ಹುರಿಗಾಳು, ಒಣದ್ರಾಕ್ಷಿ ಉಪಯೋಗಕ್ಕೆ ಬರುತ್ತವೆ. ಬಾಯಾರಿಕೆ ಇಲ್ಲದಿದ್ದರೂ ಆಗಾಗ ನೀರು ಕುಡಿಯುತ್ತಿರಬೇಕು.

ನೇಪಾಳದ ಮೂಲಕ ಖಾಸಗಿ ಯಾತ್ರೆ

ಲಾಟರಿಯಲ್ಲಿ ಹೆಸರು ಬಾರದವರು ಖಾಸಗಿ ಪ್ರವಾಸ ಸಂಸ್ಥೆಗಳ ಮೂಲಕ ನೇಪಾಳದ ದಾರಿಯಲ್ಲಿ ಹೋಗುವುದುಂಟು. 2018ರ ಜುಲೈ ಮೊದಲ ವಾರದಲ್ಲಿ ಪ್ರತಿಕೂಲ ಹವಾಮಾನದಿಂದ ಸಣ್ಣ ವಿಮಾನಗಳು ಹಾರದೆ ಸಿಮಿಕೋಟ್ ಮತ್ತು ಹಿಲ್ಸಾಗಳಲ್ಲಿ ಭಾರತದ ನೂರಾರು ಯಾತ್ರಿಗಳು ಸಿಲುಕಿಕೊಂಡಿದ್ದರು. ಅವರಲ್ಲಿ ಕರ್ನಾಟಕದವರೇ ಸುಮಾರು 290 ಮಂದಿ. 2025ರ ಜುಲೈನಲ್ಲಿ ನೇಪಾಳ-ಚೀನಾ ಗಡಿಯ ರಸುವಾಗಢಿಯ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆದ್ದರಿಂದ ಮುಂಗಡ ಕೊಡುವ ಮುನ್ನ ಆಮ್ಲಜನಕದ ವ್ಯವಸ್ಥೆ, ವೈದ್ಯರ ಲಭ್ಯತೆ, ವಿಶ್ರಾಂತಿ ದಿನಗಳು, ವಿಮೆ ಮತ್ತು ಮರುಪಾವತಿಯ ಷರತ್ತುಗಳನ್ನು ಬರಹದಲ್ಲಿ ಪಡೆಯತಕ್ಕದ್ದು. ದಿನ ಉಳಿಸುತ್ತೇವೆ ಎಂದು ಹೇಳುವ ಸಂಸ್ಥೆಯು ದೇಹ ಒಗ್ಗಿಕೊಳ್ಳಬೇಕಾದ ದಿನಗಳನ್ನೇ ಉಳಿಸುತ್ತಿರುತ್ತದೆ ಎಂಬುದು ನೆನಪಿರಲಿ.

ಖರ್ಚು ಮತ್ತು ಸಹಾಯಧನ

2025ರಲ್ಲಿ ಒಬ್ಬರಿಗೆ ಲಿಪುಲೇಖ್ ಮಾರ್ಗದ ಅಂದಾಜು ವೆಚ್ಚ ರೂ. 1.74 ಲಕ್ಷ, ನಾಥುಲಾ ಮಾರ್ಗದ್ದು ರೂ. 2.83 ಲಕ್ಷ ಇತ್ತು. ಊರಿನಿಂದ ದೆಹಲಿಗೆ ಹೋಗಿ ಬರುವ ಖರ್ಚು, ಉಡುಪು ಮತ್ತು ಶೂಗಳ ಖರ್ಚನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಸಹಾಯಧನವು ರೂ. 30,000/- ಮಾತ್ರ, ಅದೂ ಯಾತ್ರೆ ಮುಗಿದ ನಂತರ, ಅರ್ಜಿ ಪರಿಶೀಲನೆಯಾಗಿ, ಅನುದಾನ ಬಿಡುಗಡೆಯಾದ ಮೇಲೆ ಜಮೆಯಾಗುತ್ತದೆ. ಲಿಪುಲೇಖ್ ವೆಚ್ಚದ ಆರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಾದ ಈ ಮೊತ್ತವನ್ನು ನಂಬಿ ಕೈಸಾಲ ಮಾಡುವುದು ಸರಿಯಲ್ಲ. ಸಾಲದ ಬಡ್ಡಿ ತಿಂಗಳು ತಿಂಗಳಿಗೆ ಏರುತ್ತದೆ, ಸಹಾಯಧನ ಏರುವುದಿಲ್ಲ. ಯಾತ್ರೆಯ ಅವಧಿಯು ಮುಂಗಾರು ಬಿತ್ತನೆಯ ಕಾಲವೂ ಆಗಿರುವುದರಿಂದ ರೈತರು ಬೀಜ, ಗೊಬ್ಬರದ ಹಣವನ್ನು ಮೊದಲೇ ಮನೆಯವರ ಕೈಗೆ ಒಪ್ಪಿಸಿ ಹೊರಡುವುದು ಒಳಿತು.

ಸಹಾಯಧನದ ಅರ್ಜಿಯನ್ನು ಸೇವಾ ಸಿಂಧು ಜಾಲತಾಣದ ಮೂಲಕ, ಆಯಾ ವರ್ಷ ಇಲಾಖೆಯು ಪ್ರಕಟಿಸುವ ಕೊನೆಯ ದಿನಾಂಕದ ಒಳಗೆ ಸಲ್ಲಿಸತಕ್ಕದ್ದು. ಯಾತ್ರೆ ಪೂರೈಸಿದ ಪ್ರಮಾಣ ಪತ್ರ, ಪಾಸ್‌ಪೋರ್ಟ್ ಪ್ರತಿ, ರಾಜ್ಯದ ನಿವಾಸಿ ಎಂಬುದಕ್ಕೆ ದಾಖಲೆ, ಆಧಾರ್ ಹಾಗೂ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯ ಪುಸ್ತಕದ ಮೊದಲ ಪುಟ ಇವುಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು. ಮೊತ್ತ ಹಾಗೂ ಷರತ್ತುಗಳು ಆಯಾ ವರ್ಷದ ಸರ್ಕಾರಿ ಆದೇಶಕ್ಕೆ ಒಳಪಟ್ಟಿರುತ್ತವೆ. ಪ್ರಮಾಣ ಪತ್ರದ ಮೂಲ ಪ್ರತಿಯನ್ನು ದಾರಿಯಲ್ಲಿ ನೆನೆಯದಂತೆ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ತರುವುದು. ಮನೆ ತಲುಪಿದ ದಿನವೇ ಎರಡು ಜೆರಾಕ್ಸ್ ಪ್ರತಿ ಮಾಡಿಸಿಟ್ಟುಕೊಳ್ಳುವುದು. ಅಂತರ್ಜಾಲದ ಬಳಕೆ ತಿಳಿಯದವರು ಚಳ್ಳಕೆರೆ ಅಥವಾ ಮೊಳಕಾಲ್ಮೂರು ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಯಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಬಹುದು. ಮಧ್ಯವರ್ತಿಗಳಿಗೆ ಹಣ ನೀಡಬೇಕಾದ ಅಗತ್ಯವಿರುವುದಿಲ್ಲ.